ಸುಣ್ಣದ ಕೆಳಗಿನ ಚರಿತ್ರೆ

ಇಂಗ್ಲೆಂಡಿನ ಚರ್ಚುಗಳೆಂದೊಡನೆ ವೆಸ್ಟ್‌ಮಿನ್‌ಸ್ಟರ್, ಕ್ಯಾಂಟರ್‌ಬರಿ ಮೊದಲಾದ ಮಹಾಮಂದಿರಗಳು ನಮ್ಮ ನೆನಪಿಗೆ ಬರುವುದು ಸಹಜ. ಅವು ಅರಸರ ಮತ್ತು ಧರ್ಮಾಧಿಪತಿಗಳ ವೈಭವದ ಕುರುಹುಗಳು. ಆ ನಾಡಿನ ಸಾಮಾನ್ಯ ಜನರು ಬಾಳಿದ ಬಗೆಯನ್ನು ಅರಿಯಬೇಕೆಂಬವರು ಹಳ್ಳಿಗಳ ಮತ್ತು ಸಣ್ಣ ಊರುಗಳ ಚರ್ಚುಗಳನ್ನು ನೋಡಬೇಕು. ಇವುಗಳಲ್ಲಿ ಕೆಲವು ನಮ್ಮ ಕಾಲದವರೆಗೆ ಉಳಿದುಬಂದುದೇ ಒಂದು ವಿಸ್ಮಯ.

ಎಸೆಕ್ಸ್ ಪ್ರಾಂತದ ಗ್ರೀನ್‌ಸ್ಟೆಡ್‌ನಲ್ಲಿ ಒಂದು ಪುಟ್ಟ ಚರ್ಚು ಇದೆ. ಓಕ್ ಮರದ ದಿಮ್ಮಿಗಳನ್ನು ಉದ್ದಕ್ಕೆ ಸೀಳಿ, ಸಾಲಾಗಿ ನಿಲ್ಲಿಸಿ ಅದರ ಗೋಡೆಗಳನ್ನು ಕಟ್ಟಿದ್ದಾರೆ. ಮರದ ಬಳೆಗಳನ್ನೆಣಿಸಿ ಪರೀಕ್ಷಿಸಿದವರು ಅವು ೧೧ನೆಯ ಶತಮಾನದ ಉತ್ತರಾರ್ಧದವೆಂದು ನಿರ್ಣಯಿಸಿದ್ದಾರೆ. ವಿಲ್ಟ್‌ಷೈರ್ ಪ್ರಾಂತದ ಬ್ರಾಡ್‌ಫರ್ಡ್-ಆನ್-ಏವನ್ ಎಂಬ ಊರಿನ ಕಥೆ ಇನ್ನೂ ವಿಚಿತ್ರವಾದುದು. ಅಲ್ಲಿ ಸ್ಯಾಕ್ಸನರ ಕಾಲದ ಕಲ್ಲಿನ ಚರ್ಚೊಂದರ ಒಂದು ಭಾಗ ಮಕ್ಕಳ ಶಾಲೆಯಾಗಿತ್ತು. ಇನ್ನೊಂದು ಭಾಗದಲ್ಲಿ ಜನರು ಸಂಸಾರ ಹೂಡಿದ್ದರು. ಅದು ಚರ್ಚೆಂಬುದನ್ನೇ ಊರು ಮರೆತಿತ್ತು. ಗೋಡೆಯಲ್ಲಿ ದೊರೆತ ದೇವದೂತರ ಶಿಲ್ಪಗಳೇ ಮುಖ್ಯ ಸುಳಿವಾಗಿ, ೧೮೫೬ರಲ್ಲಿ ಅಲ್ಲಿನ ಪಾದ್ರಿ ವಿಲಿಯಂ ಜೋನ್ಸ್ ಅದರ ನಿಜಸ್ವರೂಪವನ್ನು ಗುರುತಿಸಿದನು.

ಚಿತ್ರಗಳ ವಿಷಯವೂ ಹೀಗೆಯೇ. ಮಧ್ಯಯುಗದಲ್ಲಿ ಓದುಬಾರದ ಜನರಿಗೆ ಚರ್ಚಿನ ಗೋಡೆಯೇ ಗ್ರಂಥವಾಗಿತ್ತು. ಮತಸುಧಾರಣೆಯ ಕಾಲದಲ್ಲಿ, ಅದರಲ್ಲಿಯೂ ೧೫೪೭ರಲ್ಲಿ ಆರನೆಯ ಎಡ್ವರ್ಡ್ ಪಟ್ಟಕ್ಕೆ ಬಂದಮೇಲೆ, ಇಂತಹ ಚಿತ್ರಗಳು ಮೂಢಭಕ್ತಿಗೆ ಕಾರಣವೆಂದು ಬಗೆದು ಅವುಗಳ ಮೇಲೆ ಸುಣ್ಣ ಬಳಿದರು. ಅಳಿಸುವುದು ಅವರ ಉದ್ದೇಶ; ಆದರೆ ಸುಣ್ಣವು ಎಷ್ಟೋ ಕಡೆ ಚಿತ್ರಗಳನ್ನು ಕಾಪಾಡಿತು. ಗ್ಲಾಸ್ಟರ್‌ಷೈರಿನ ಕೆಂಪ್ಲಿಯಲ್ಲಿ ೧೨ನೆಯ ಶತಮಾನದ ಚಿತ್ರಗಳು ೧೮೭೨ರಲ್ಲಿ ಮತ್ತೆ ಬೆಳಕಿಗೆ ಬಂದವು. ಯಾರ್ಕ್‌ಷೈರಿನ ಪಿಕರಿಂಗ್‌ನಲ್ಲಿ ಘಟಸರ್ಪವನ್ನು ಕೊಲ್ಲುವ ಸಂತ ಜಾರ್ಜ್ ಮತ್ತು ಬಾಣಗಳಿಗೆ ಗುರಿಯಾದ ಸಂತ ಎಡ್ಮಂಡ್ ೧೮೫೨ರಲ್ಲಿ ಕಾಣಿಸಿಕೊಂಡರು. ಆಗಿನ ಪಾದ್ರಿಗೆ ಅದು ಹಿಡಿಸಲಿಲ್ಲ. ಅವನು ಮತ್ತೆ ಸುಣ್ಣ ಹೊಡೆಸಿದನು! ಸುಮಾರು ಕಾಲು ಶತಮಾನದ ಮೇಲೆ ಅವುಗಳಿಗೆ ಎರಡನೆಯ ಬಿಡುಗಡೆಯಾಯಿತು.

ಗೋಡೆಗಳಂತೆ ಚರ್ಚಿನ ದಫ್ತರಗಳೂ ಮಾತನಾಡುತ್ತವೆ. ನಾಮಕರಣ, ಮದುವೆ, ಸಮಾಧಿಗಳನ್ನು ಪ್ರತಿಯೊಂದು ಚರ್ಚಿನಲ್ಲಿಯೂ ಬರೆದಿಡಬೇಕೆಂದು ೧೫೩೮ರಲ್ಲಿ ಥಾಮಸ್ ಕ್ರಾಮ್‌ವೆಲ್ ಆಜ್ಞೆಮಾಡಿದನು. ಸ್ಟ್ರಾಟ್‌ಫರ್ಡಿನ ಹೋಲಿ ಟ್ರಿನಿಟಿ ಚರ್ಚಿನ ದಫ್ತರದಿಂದಲೇ ಷೇಕ್ಸ್‌ಪಿಯರನ ನಾಮಕರಣ ೧೫೬೪ರ ಏಪ್ರಿಲ್ ೨೬ರಂದು ನಡೆಯಿತೆಂದು ನಾವು ಬಲ್ಲೆವು. ಅದೇ ವರ್ಷದ ಜುಲೈ ತಿಂಗಳಲ್ಲಿ, ಕಸಬು ಕಲಿಯುತ್ತಿದ್ದ ಹುಡುಗನೊಬ್ಬನ ಸಮಾಧಿಯ ನಮೂದಿನ ಪಕ್ಕದಲ್ಲಿ, ಪ್ಲೇಗು ಇಲ್ಲಿಂದ ಆರಂಭವಾಯಿತೆಂಬ ಟಿಪ್ಪಣಿ ಲ್ಯಾಟಿನ್ ಭಾಷೆಯಲ್ಲಿದೆ. ಮೂರು ತಿಂಗಳ ಕೂಸು ಆ ಮಾರಿಯಿಂದ ಪಾರಾದುದು ಲೋಕದ ಭಾಗ್ಯ. ಆದರೆ ಪಾರಾಗದೆಹೋದ ಹುಡುಗನ ಹೆಸರನ್ನೂ ಆ ದಫ್ತರ ಅಷ್ಟೇ ಗೌರವದಿಂದ ಉಳಿಸಿದೆ.

ಹಿಂದೆ ಈ ಕಟ್ಟಡಗಳಲ್ಲಿ ಕೆಲವನ್ನು ಮರೆವೇ ಕಾಪಾಡಿತು. ಇಂದು ಮರೆವನ್ನು ನಂಬುವಂತಿಲ್ಲ. ಪ್ರಾರ್ಥನೆಗೆ ಬರುವವರು ಕಡಮೆಯಾದಂತೆ ಅನೇಕ ಚರ್ಚುಗಳು ಮುಚ್ಚಿವೆ. ಸೋರುವ ಮಾಡನ್ನು ಸರಿಮಾಡುವವರಿಲ್ಲದಿದ್ದರೆ ಸುಣ್ಣವೂ ಚಿತ್ರವೂ ಒಟ್ಟಿಗೆ ಕಳಚಿ ಬೀಳುತ್ತವೆ. ಇಂತಹವುಗಳ ರಕ್ಷಣೆಗಾಗಿ ೧೯೬೯ರಲ್ಲಿ ಸ್ಥಾಪಿತವಾದ ನಿಧಿಯು ಈಗ ಚರ್ಚಸ್ ಕನ್ಸರ್ವೇಷನ್ ಟ್ರಸ್ಟ್ ಎಂಬ ಹೆಸರಿನಿಂದ ೩೪೦ಕ್ಕೂ ಹೆಚ್ಚು ಚರ್ಚುಗಳನ್ನು ನೋಡಿಕೊಳ್ಳುತ್ತಿದೆ.

ನಿಮ್ಮಲ್ಲಿ ಯಾರಿಗಾದರೂ ಆ ನಾಡಿಗೆ ಹೋಗುವ ಸಂದರ್ಭ ಒದಗಿದರೆ, ಲಂಡನ್ನಿನ ಗೋಪುರಗಳನ್ನು ನೋಡಿದ ಬಳಿಕ ಒಂದು ದಿನವನ್ನು ಇಂತಹ ಹಳ್ಳಿಯೊಂದಕ್ಕೆ ಮೀಸಲಿಡಿರಿ. ಒಳಗೆ ಹೊಕ್ಕು, ಕಣ್ಣು ಆ ಮಬ್ಬಿಗೆ ಹೊಂದಿಕೊಳ್ಳುವವರೆಗೆ ಸ್ವಲ್ಪ ಹೊತ್ತು ನಿಂತು, ಗೋಡೆಗಳನ್ನು ನಿಧಾನವಾಗಿ ನೋಡಿರಿ.