ಭಾನುವಾರದ ಶುಭಸಂದೇಶ ವಾಚನ

ಕ್ರೈಸ್ತರ ಭಾನುವಾರದ ಆರಾಧನೆಯಲ್ಲಿ ಮತ್ತಾಯ, ಮಾರ್ಕ, ಲೂಕ, ಯೊವಾನ್ನರ ಗ್ರಂಥಗಳಿಂದ ಆಯ್ದ ಭಾಗವೊಂದನ್ನು ಸಭೆಯ ಮುಂದೆ ಓದಿ, ಅದರ ಅರ್ಥವನ್ನು ಭಕ್ತರ ಬದುಕಿಗೆ ಅನ್ವಯಿಸಿ ವಿವರಿಸುವ ಪದ್ಧತಿ. ಯೆಹೂದ್ಯರು ಸಬ್ಬತ್ ದಿನದಂದು ಧರ್ಮಶಾಸ್ತ್ರವನ್ನೂ ಪ್ರವಾದಿಗಳ ಗ್ರಂಥಗಳನ್ನೂ ಪಠಿಸುತ್ತಿದ್ದ ಸಂಪ್ರದಾಯದಲ್ಲಿ ಇದರ ಬೇರುಗಳಿವೆ. ಯೇಸು ನಜರೇತಿನ ಸಭಾಮಂದಿರದಲ್ಲಿ ಯೆಶಾಯನ ಸುರುಳಿಯನ್ನು ಬಿಚ್ಚಿ ಓದಿ, ಮತ್ತೆ ಸುತ್ತಿ ಕೊಟ್ಟು, ಕುಳಿತು ಮಾತನಾಡಿದನೆಂದು ಲೂಕನು ಬಣ್ಣಿಸುವಲ್ಲಿ ವಾಚನ ವ್ಯಾಖ್ಯಾನಗಳ ಈ ಜೋಡಿ ಆಗಲೇ ಗೋಚರಿಸುತ್ತದೆ. ಸುಮಾರು ಕ್ರಿ.ಶ. 155ರಲ್ಲಿ ರೋಮಿನ ಜಸ್ಟಿನನು ಚಕ್ರವರ್ತಿಗೆ ಸಲ್ಲಿಸಿದ ಸಮರ್ಥನೆಯಲ್ಲಿ, ಪಟ್ಟಣದವರೂ ಹಳ್ಳಿಯವರೂ ಸೂರ್ಯನ ದಿನದಂದು ಒಂದೆಡೆ ಸೇರಿ, ಪ್ರೇಷಿತರ ಸ್ಮೃತಿಗಳನ್ನೋ ಪ್ರವಾದಿಗಳ ಬರಹಗಳನ್ನೋ ಹೊತ್ತು ಸಾಲುವಷ್ಟು ಕೇಳುತ್ತಿದ್ದರೆಂದೂ, ಬಳಿಕ ಸಭೆಯ ಮುಖ್ಯಸ್ಥನು ಬೋಧಿಸುತ್ತಿದ್ದನೆಂದೂ ತಿಳಿಸಿದ್ದಾನೆ. ಮುಂದೆ ಅಂತಿಯೋಕ್ಯದಲ್ಲಿ ಕ್ರಿಸೊಸ್ತೊಮನು ಮತ್ತಾಯನನ್ನು ಕುರಿತು ಮಾಡಿದ 90 ಪ್ರಬೋಧನೆಗಳೂ, ಹಿಪ್ಪೋದ ಅಗಸ್ತೀನನು ಯೊವಾನ್ನನನ್ನು ಕುರಿತು ರಚಿಸಿದ 124 ವ್ಯಾಖ್ಯಾನಗಳೂ ಈ ಪ್ರಕಾರದ ಶಿಖರಗಳೆನಿಸಿದುವು.

1570ರ ರೋಮನ್ ಪೂಜಾಗ್ರಂಥದಲ್ಲಿ ಪಾಠಗಳು ಪ್ರತಿವರ್ಷವೂ ಪುನರಾವರ್ತನೆಗೊಳ್ಳುತ್ತಿದ್ದುವು. ಪವಿತ್ರಗ್ರಂಥದ ಭಂಡಾರವನ್ನು ಭಕ್ತರಿಗೆ ಇನ್ನೂ ಉದಾರವಾಗಿ ತೆರೆಯಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ವಿಧಿಸಿದ ಮೇಲೆ, 1969ರಲ್ಲಿ ಮೂರು ವರ್ಷಗಳ ಕ್ರಮವೊಂದು ರೂಪುಗೊಂಡಿತು: 'ಎ' ವರ್ಷಕ್ಕೆ ಮತ್ತಾಯ, 'ಬಿ'ಗೆ ಮಾರ್ಕ, 'ಸಿ'ಗೆ ಲೂಕ. ಯೊವಾನ್ನನಿಗೆ ಸ್ವಂತ ವರ್ಷವಿಲ್ಲದಿದ್ದರೂ ತಪಸ್ಸುಕಾಲ, ಪಾಸ್ಖಕಾಲಗಳಲ್ಲಿ ಅವನದೇ ಪ್ರಾಧಾನ್ಯ. ಮಾರ್ಕನ ಗ್ರಂಥ ಚಿಕ್ಕದಾದುದರಿಂದ 'ಬಿ' ವರ್ಷದಲ್ಲಿ ಐದು ಭಾನುವಾರಗಳು ಯೊವಾನ್ನನ ರೊಟ್ಟಿಯ ಅಧ್ಯಾಯಕ್ಕೇ ಮೀಸಲಾಗಿವೆ. ಅನೇಕ ಪ್ರಾಟೆಸ್ಟಂಟ್ ಸಭೆಗಳು ಇದನ್ನೇ ಆಧಾರವಾಗಿಟ್ಟುಕೊಂಡು 1992ರಲ್ಲಿ ಪರಿಷ್ಕೃತವಾದ ಸಮಾನ ಪಾಠಕ್ರಮವನ್ನು ಅನುಸರಿಸುತ್ತವೆ.

ಬೋಧಕನ ಇಷ್ಟಾನಿಷ್ಟಗಳಿಗೆ ಈ ಕ್ರಮದಲ್ಲಿ ಎಡೆ ಕಡಮೆ. ಶುಭಸಂದೇಶದೊಡನೆ ಹೊಂದಿಸಿಟ್ಟ ಮೊದಲ ವಾಚನವೇ ಅರ್ಥದ ದಿಕ್ಕನ್ನು ಬಹುಮಟ್ಟಿಗೆ ನಿರ್ಣಯಿಸುತ್ತದೆ. ಲೂಕನ 15ನೆಯ ಅಧ್ಯಾಯದ ದುಂದುಗಾರ ಮಗನ ಸಾಮತಿಯನ್ನೇ ನೋಡಬಹುದು. 'ಸಿ' ವರ್ಷದ ತಪಸ್ಸುಕಾಲದ ನಾಲ್ಕನೆಯ ಭಾನುವಾರ, ಇಸ್ರಯೇಲರು ಕಾನಾನ್ ನಾಡಿನ ಬೆಳೆಯನ್ನು ಮೊದಲ ಸಲ ಉಂಡು ಮನ್ನಾ ನಿಂತುಹೋದ ವೃತ್ತಾಂತದ ಜೊತೆಗೆ ಅದನ್ನು ಓದಿದಾಗ, ಮನಸ್ಸು ಮನೆಗೆ ಮರಳಿದವನ ಮೇಲೂ ಅವನಿಗಾಗಿ ಹೂಡಿದ ಔತಣದ ಮೇಲೂ ನೆಲಸುತ್ತದೆ. ಅದೇ ವರ್ಷದ ಸಾಧಾರಣ ಕಾಲದ 24ನೆಯ ಭಾನುವಾರ, ಚಿನ್ನದ ಕರುವನ್ನು ಪೂಜಿಸಿದ ಜನರಿಗಾಗಿ ಮೋಶೆ ಮೊರೆಯಿಟ್ಟು ದೇವರ ಕೋಪವನ್ನು ಶಮನಗೊಳಿಸಿದ ಕಥನದ ಮಗ್ಗುಲಲ್ಲಿ, ಕಳೆದುಹೋದ ಕುರಿ, ನಾಣ್ಯಗಳ ಸಾಮತಿಗಳ ಬೆನ್ನಿಗೇ ಅದು ಬಂದಾಗ, ಮಗನ ಪಶ್ಚಾತ್ತಾಪಕ್ಕಿಂತ ತಂದೆಯ ಕರುಣೆಯೇ ಮುಂದಾಗುತ್ತದೆ. ಮುನಿದ ಹಿರಿಯ ಮಗನು ಕೊನೆಗೆ ಒಳಗೆ ಬಂದನೇ ಎಂಬುದನ್ನು ಲೂಕನು ಹೇಳದೆ ಬಿಟ್ಟಿದ್ದಾನೆ. ಹೇಳಿಬಿಡುವ ಆತುರ ಬೋಧಕರಲ್ಲಿ ಆಗಾಗ ಕಾಣುವುದುಂಟು.

ಶುಭಸಂದೇಶದ ಹೊತ್ತಿಗೆ ಸಭೆಯೆಲ್ಲ ಎದ್ದು ನಿಂತು, ಹಣೆ, ತುಟಿ, ಎದೆಗಳ ಮೇಲೆ ಹೆಬ್ಬೆರಳಿನಿಂದ ಶಿಲುಬೆಯ ಗುರುತು ಹಾಕಿಕೊಳ್ಳುವುದು ಕಥೋಲಿಕರ ರೂಢಿ. ಲತೀನ್ ಹಿಂದೆ ಸರಿದ ಬಳಿಕ ಕರ್ನಾಟಕದ ಕಥೋಲಿಕ ದೇವಾಲಯಗಳಲ್ಲಿ ಈ ಪಾಠಗಳು ಕನ್ನಡ, ಕೊಂಕಣಿ ಮೊದಲಾದ ಭಾಷೆಗಳಲ್ಲಿ ಕೇಳಿಬರುತ್ತಿವೆ. ವಾಚನವನ್ನು ಹಿಂಬಾಲಿಸುವ ಪ್ರಬೋಧನೆ ಹ್ರಸ್ವವಾಗಿರಬೇಕು, ಉಪನ್ಯಾಸವಾಗಬಾರದು ಎಂದು 2013ರಲ್ಲಿ ಬರೆದ ಪೋಪ್ ಫ್ರಾನ್ಸಿಸರು, ಅದರಿಂದ ಕೇಳುವವರೂ ಹೇಳುವವರೂ ಸಮಾನವಾಗಿ ಬಳಲುವುದನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ.