ಗೆದ್ದವನ ಮುಂದಿದ್ದವನು

ರಸ್ತೆ ಸೈಕ್ಲಿಂಗ್‌ನ ಸ್ಪ್ರಿಂಟನ್ನು ಈಗ ವಾಟ್ ಲೆಕ್ಕದಲ್ಲಿ ಅಳೆಯುವುದು ರೂಢಿಯಾಗಿದೆ. ಯಾರ ಕಾಲಲ್ಲಿ ಎಷ್ಟು ಕಸುವಿದೆ ಎಂದು ಮಾಪಕ ಹೇಳುತ್ತದೆ. ಕಸುವು ಹೆಚ್ಚಿದ್ದವನು ಗೆದ್ದ, ಅಷ್ಟೇ ಕತೆ ಎಂಬಂತೆ ವಿಶ್ಲೇಷಣೆಗಳು ಬರುತ್ತಿವೆ. ಅದರ ಬೆನ್ನಿಗೇ ಇನ್ನೊಂದು ಮಾತು: ಸಮತಟ್ಟು ಹಂತಗಳಲ್ಲಿ ನೋಡುವಂಥದ್ದು ಕೊನೆಯ 200 ಮೀಟರ್ ಮಾತ್ರ. ಎರಡೂ ತಪ್ಪು, ಒಂದೇ ಕಾರಣಕ್ಕೆ ತಪ್ಪು. ಗಂಟೆಗೆ 60 ಕಿ.ಮೀ. ದಾಟಿದ ಮೇಲೆ ಸವಾರ ಸೆಣಸುವುದು ಬಹುಪಾಲು ಗಾಳಿಯೊಡನೆ. ಮುಂದಿನವನ ಹಿಂಚಕ್ರಕ್ಕೆ ಅಂಟಿಕೊಂಡು ಹೋಗುವವನಿಗೆ ಆ ಹೊರೆ ಮೂರರಲ್ಲೊಂದು ಪಾಲಿನಷ್ಟು ಇಳಿಯುತ್ತದೆ. ವಿಜಯಪುರ, ಜಮಖಂಡಿಯ ಸೈಕ್ಲಿಸ್ಟರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ಸ್ಪ್ರಿಂಟ್ ಮೊದಲು ಜಾಗದ ಪೈಪೋಟಿ, ಆಮೇಲೆ ವೇಗದ್ದು. ಜಾಗ ಮಾಡಿಕೊಟ್ಟು, ತಾನು ಗಾಳಿ ಕುಡಿದು, ಸರಿಯಾದ ಕ್ಷಣದಲ್ಲಿ ಪಕ್ಕಕ್ಕೆ ಸರಿಯುವ ಲೀಡ್-ಔಟ್ ಸವಾರನೇ ಈ ವಿದ್ಯೆಯ ಅಸಲು ಕಸುಬುದಾರ. ಗೆದ್ದವರ ಪಟ್ಟಿಯನ್ನಷ್ಟೇ ಇಟ್ಟುಕೊಂಡು ಬರೆದ ಚರಿತ್ರೆ ಅರ್ಧ ಚರಿತ್ರೆ.

1903ರಲ್ಲಿ ಶುರುವಾದ ಟೂರ್ ಡಿ ಫ್ರಾನ್ಸ್‌ನ ಮೊದಲ ದಶಕಗಳಲ್ಲಿ ಇಂಥ ಕಸುಬಿಗೆ ಎಡೆಯೇ ಕಡಿಮೆಯಿತ್ತು. ಹಂತಗಳು ವಿಪರೀತ ಉದ್ದ, ರಸ್ತೆಗಳು ಕೆಟ್ಟವು. 1953ರಲ್ಲಿ ಅಂಕಗಳ ಆಧಾರದ ಹಸಿರು ಜೆರ್ಸಿ ಬಂದ ಮೇಲೆ ಸ್ಪ್ರಿಂಟರ್‌ಗೆ ತನ್ನದೇ ಆದ ಗುರಿ ಸಿಕ್ಕಿತು. ಆಂದ್ರೆ ದಾರಿಗಾದ್ 22 ಹಂತ ಗೆದ್ದರು. ಅದೇ ಹೊತ್ತಿಗೆ ಬೆಲ್ಜಿಯಂನ ರಿಕ್ ವಾನ್ ಲೋಯ್ ಫೇಮಾ ತಂಡದ ಕೆಂಪು ಜೆರ್ಸಿಯ ಸಂಗಡಿಗರನ್ನೆಲ್ಲ ಮುಂದಿಟ್ಟು ಓಡಿಸತೊಡಗಿದರು. ಟ್ರೇನ್ ಎಂದು ಇಂದು ಕರೆಯುವುದರ ಬೀಜ ಅಲ್ಲಿದೆ. ಫ್ರೆಡ್ಡಿ ಮಾರ್ಟೆನ್ಸ್ 1977ರ ಸ್ಪೇನಿನ ವುಯೆಲ್ಟಾದಲ್ಲಿ 13 ಹಂತ ಗೆದ್ದದ್ದು ಬೆರಗಿನ ಸಂಗತಿಯೇ, ಆದರೆ ಅದು ಒಬ್ಬನ ತಾಕತ್ತಿನ ಕತೆ. 80ರ ದಶಕದ ಕೊನೆಗೆ ಯಾನ್ ರಾಸ್ ಅವರ ಸೂಪರ್‌ಕಾನ್‌ಫೆಕ್ಸ್ ತಂಡ ತನ್ನ ಸ್ಪ್ರಿಂಟರ್ ವಾನ್ ಪಾಪೆಲ್‌ಗಾಗಿ ಕಟ್ಟಿದ ಸಾಲಿನಲ್ಲಿ ವಿದ್ಯೆ ಮತ್ತೆ ಮುಂದಕ್ಕೆ ಹೋಯಿತು.

ಅದು ಪೂರ್ಣ ರೂಪಕ್ಕೆ ಬಂದದ್ದು ಮಾರಿಯೊ ಚಿಪೊಲೀನಿಯ ಸಾಯೆಕೊ ತಂಡದಲ್ಲಿ. ಕೊನೆಯ ಕೆಲವು ಕಿಲೋಮೀಟರ್‌ಗಳಲ್ಲಿ ಕೆಂಪು ಜೆರ್ಸಿಗಳು ಒಂದರ ಹಿಂದೊಂದು ನಿಂತು, ಮುಂದಿನವನು ದಣಿದು ಸರಿದೊಡನೆ ಹಿಂದಿನವನು ವೇಗ ಏರಿಸುವುದು. ಉದ್ದೇಶ ಎರಡು: ತಮ್ಮವನನ್ನು ಗಾಳಿಯಿಂದ ಕಾಯುವುದು, ಬೇರೆ ಯಾರೂ ಪಕ್ಕದಿಂದ ನುಗ್ಗಲಾರದಷ್ಟು ವೇಗ ಹಿಡಿಯುವುದು. 1999ರಲ್ಲಿ ಚಿಪೊಲೀನಿ ಟೂರ್‌ನ ನಾಲ್ಕು ಹಂತಗಳನ್ನು ಸಾಲಾಗಿ ಗೆದ್ದರು. ಅವುಗಳಲ್ಲಿ ಮೊದಲನೆಯದಾದ ಲಾವಾಲ್–ಬ್ಲುವಾ ಹಂತದ ಸರಾಸರಿ ವೇಗ ಗಂಟೆಗೆ 50 ಕಿ.ಮೀ. ಮೀರಿತ್ತು. 2002ರಲ್ಲಿ ಝೋಲ್ಡರ್‌ನಲ್ಲಿ ಅವರು ವಿಶ್ವ ಚಾಂಪಿಯನ್ ಆದಾಗ ಕೊನೆಯ ಕೊಂಡಿಯಾಗಿದ್ದವರು ಜೊವಾನಿ ಲೊಂಬಾರ್ದಿ. ಬಾರ್ಸಿಲೋನಾ ಒಲಿಂಪಿಕ್ಸ್‌ನ ಪಾಯಿಂಟ್ಸ್ ರೇಸಿನಲ್ಲಿ ಚಿನ್ನ ಗೆದ್ದ ಈ ಮನುಷ್ಯ ಟೆಲಿಕಾಮ್ ತಂಡದಲ್ಲಿ ಎರಿಕ್ ತ್ಸಾಬೆಲ್‌ಗೆ, ಆಮೇಲೆ ಚಿಪೊಲೀನಿಗೆ ದುಡಿದರು. ಅವರ ಮೇಲೆ ಒಂದು ಒಳ್ಳೆಯ ಪುಸ್ತಕ ಬರಬೇಕಿತ್ತು.

ಆದರೂ ಈ ವಿದ್ಯೆಯ ಶಿಖರ ಎಚ್‌ಟಿಸಿ ತಂಡದ ಮಾರ್ಕ್ ಕ್ಯಾವೆಂಡಿಶ್–ಮಾರ್ಕ್ ರೆನ್‌ಶಾ ಜೋಡಿಯೇ ಎನ್ನಲು ನನಗೆ ಹಿಂಜರಿಕೆಯಿಲ್ಲ. 2009ರ ಟೂರ್‌ನ ಕೊನೆಯ ದಿನ ಪ್ಯಾರಿಸ್ಸಿನಲ್ಲಿ ನಡೆದದ್ದನ್ನು ನಿಧಾನಕ್ಕೆ ನೋಡಬೇಕು. ಪ್ಲಾಸ್ ದ ಲಾ ಕಾಂಕಾರ್ಡ್‌ನಿಂದ ಶಾಂಜೆಲಿಜೆಗೆ ಹೊರಳುವ ತಿರುವಿಗೆ ರೆನ್‌ಶಾ ಮೊದಲು ಹೊಕ್ಕರು, ಬೆನ್ನಿಗೇ ಕ್ಯಾವೆಂಡಿಶ್. ತಿರುವಿನಲ್ಲಿ ಹಿಂದಿನವರು ಒಬ್ಬರ ಹಿಂದೊಬ್ಬರು ಬ್ರೇಕ್ ಒತ್ತಿ ಮತ್ತೆ ವೇಗ ಹಿಡಿಯಬೇಕು. ಆ ಅರೆಕ್ಷಣದಲ್ಲೇ ಅಂತರ ತೆರೆದುಕೊಂಡಿತು. ಕ್ಯಾವೆಂಡಿಶ್‌ಗೆ ಅದು ಆ ಟೂರ್‌ನ ಆರನೇ ಗೆಲುವು. ರೆನ್‌ಶಾ ಎರಡನೆಯವರಾಗಿ ಗೆರೆ ದಾಟಿದರು. ದಾರಿ ಬಿಡಿಸಿ ಕೊಟ್ಟವನನ್ನೂ ಉಳಿದವರು ಹಿಡಿಯಲಾಗಲಿಲ್ಲ. ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಕ್ಯಾವೆಂಡಿಶ್ ಮಿಂಚಿದವರಲ್ಲ ಎಂಬುದು ಎಲ್ಲರಿಗೂ ಗೊತ್ತು. ವಾಟ್ ಲೆಕ್ಕದವರು ಈ ಒಂದು ಸಂಗತಿಗೆ ಇನ್ನೂ ಉತ್ತರ ಕೊಟ್ಟಿಲ್ಲ.

ಟ್ರೇನ್ ಇಲ್ಲದೆಯೂ ಗೆದ್ದವರಿಲ್ಲವೇ ಎಂದು ಕೇಳಬಹುದು. ರಾಬಿ ಮೆಕ್‌ಯುವನ್ ಮೂರು ಹಸಿರು ಜೆರ್ಸಿ, 12 ಟೂರ್ ಹಂತ ಗೆದ್ದದ್ದು ಬಹುಮಟ್ಟಿಗೆ ಒಂಟಿಯಾಗಿಯೇ. ಆದರೆ ಅವರು ಏರಿದ್ದು ಎದುರಾಳಿಗಳ ಟ್ರೇನನ್ನೇ. ಯಾವ ಸಾಲು ಎಲ್ಲಿ ಮುಗಿಯುತ್ತದೆಂದು ಓದಬಲ್ಲವನಿಗೆ ಮಾತ್ರ ಅದು ಸಾಧ್ಯ. 2024ರಲ್ಲಿ ಸೇಂಟ್-ವುಲ್ಬಾದಲ್ಲಿ 39ರ ವಯಸ್ಸಿನ ಕ್ಯಾವೆಂಡಿಶ್ ಚಕ್ರದಿಂದ ಚಕ್ರಕ್ಕೆ ಜಿಗಿಯುತ್ತ ಟೂರ್ ಹಂತಗಳ 35ನೇ ಗೆಲುವಿನ ದಾಖಲೆ ಬರೆದದ್ದೂ ಇದೇ ಓದಿನಿಂದ. 2011ರಲ್ಲಿ ಎಚ್‌ಟಿಸಿ ಮುಚ್ಚಿದ ಮೇಲೆ ಟ್ರೇನ್ ಯುಗವೇ ಮುಗಿಯಿತು ಎಂಬ ಮಾತೂ ಸರಿಯಲ್ಲ. ಕೊನೆಯ ಕಿಲೋಮೀಟರ್‌ಗಳಲ್ಲಿ ಒಟ್ಟಾರೆ ಪ್ರಶಸ್ತಿಯ ಆಕಾಂಕ್ಷಿಗಳ ತಂಡಗಳೂ ಮುಂದೆ ಮುಗಿಬೀಳುವುದರಿಂದ ಉದ್ದ ಸಾಲುಗಳಿಗೆ ಎಡೆ ತಪ್ಪಿತು, ಒಬ್ಬ ಕೊನೆಯ ಸಹಾಯಕನ ಬೆಲೆ ಏರಿತು. 2021ರಲ್ಲಿ ಕಾರ್ಕಾಸೊನ್‌ನಲ್ಲಿ ಕ್ಯಾವೆಂಡಿಶ್ ಎಡ್ಡಿ ಮರ್ಕ್ಸ್ ಅವರ 34 ಗೆಲುವುಗಳ ದಾಖಲೆ ಸರಿಗಟ್ಟಿದ ದಿನ ಎರಡನೆಯವರಾಗಿ ಬಂದವರು ಅವರದೇ ಲೀಡ್-ಔಟ್ ಸವಾರ ಮೈಕೆಲ್ ಮೋರ್ಕೋವ್. 2023ರಲ್ಲಿ ಯಾಸ್ಪರ್ ಫಿಲಿಪ್ಸನ್‌ನ ಟೂರ್ ಗೆಲುವುಗಳಿಗೆ ದುಡಿದ ಮಾಥ್ಯೂ ವಾನ್ ಡರ್ ಪೂಲ್ ಅದೇ ವಸಂತದಲ್ಲಿ ಪ್ಯಾರಿಸ್–ರುಬೆ ಗೆದ್ದಿದ್ದವರು.

ಇಷ್ಟಾದರೂ ಫಲಿತಾಂಶ ಪಟ್ಟಿಯಲ್ಲಿ ಲೀಡ್-ಔಟ್ ಸವಾರ ಸಾಮಾನ್ಯವಾಗಿ ಎಷ್ಟೋ ಸಾಲು ಕೆಳಗಿರುತ್ತಾನೆ. ಅವನ ಕೆಲಸಕ್ಕೆ ಬೇರೆ ಅಂಕಣವಿಲ್ಲ. ಮಹಿಳಾ ರೇಸಿಂಗ್‌ನಲ್ಲಿ ಕೊರತೆ ಇನ್ನೂ ದೊಡ್ಡದು. ಲೊರೆನಾ ವೀಬಸ್‌ಳ ವೇಗದ ಬಗ್ಗೆ ಬೇಕಾದಷ್ಟು ಬರೆಹವಿದೆ. ಎರಡು ಸಲ ವಿಶ್ವ ಚಾಂಪಿಯನ್ ಆದ ಲೊಟ್ಟೆ ಕೊಪೆಕಿ ಆಕೆಗಾಗಿ ಮುಂದೆ ನಿಂತು ಮಾಡಿದ ಕೆಲಸದ ಬಗ್ಗೆ ಕೆಲವು ಸಾಲುಗಳಷ್ಟೇ. ಸುರಕ್ಷತೆಯ ಚರ್ಚೆಗೂ ಇದೇ ಗತಿ. 2020ರಲ್ಲಿ ಪೋಲೆಂಡಿನ ಕಾಟೊವಿತ್ಸೆಯಲ್ಲಿ ಫಾಬಿಯೋ ಯಾಕೊಬ್ಸನ್ ಬೇಲಿಗೆ ಅಪ್ಪಳಿಸಿ ಸಾವಿನಂಚಿಗೆ ಹೋದರು. ಅವರನ್ನು ಬೇಲಿಯತ್ತ ಒತ್ತಿದ ಡೈಲನ್ ಗ್ರುನವೆಗನ್‌ಗೆ ಒಂಬತ್ತು ತಿಂಗಳ ನಿಷೇಧವಾಯಿತು. ತಪ್ಪು ಅವರದಿತ್ತು, ನಿಜ. ಆದರೆ ಇಳಿಜಾರಿನಲ್ಲಿ ಮುಕ್ತಾಯದ ಗೆರೆ ಎಳೆದು, ಬಡಿತ ತಾಳದ ಬೇಲಿ ನಿಲ್ಲಿಸಿದವರು ಸವಾರರಲ್ಲ. 2022ರ ಟೂರ್‌ನಲ್ಲಿ ಡೆನ್ಮಾರ್ಕ್‌ನ ಹಂತಗಳನ್ನು ಒಂದು ದಿನ ಯಾಕೊಬ್ಸನ್, ಮಾರನೇ ದಿನ ಗ್ರುನವೆಗನ್ ಗೆದ್ದಾಗ ಆ ಕತೆಯನ್ನು ಎಲ್ಲರೂ ಬರೆದರು. ರಸ್ತೆಯ ಕತೆ ಬರೆದವರು ಕಡಿಮೆ. ಕೊನೆಯ ಮೂರು ಕಿಲೋಮೀಟರ್‌ಗಳ ತಿರುವು, ಇಕ್ಕಟ್ಟು, ಗಾಳಿಯ ದಿಕ್ಕನ್ನು ಲೀಡ್-ಔಟ್ ಸವಾರರಷ್ಟು ಕೂಲಂಕಷವಾಗಿ ಅಭ್ಯಾಸ ಮಾಡುವವರು ಈ ಕ್ರೀಡೆಯಲ್ಲಿ ಬೇರೆ ಯಾರೂ ಇಲ್ಲ. ಮುಕ್ತಾಯದ ರಸ್ತೆಯನ್ನು ಆರಿಸುವಾಗ ಆಯೋಜಕರು ಮೊದಲು ಕೇಳಬೇಕಾದದ್ದು ಅವರನ್ನು.