ಉಂಡ ಎಲೆಯ ಚರಿತ್ರೆ

ಅಡುಗೆಯ ಸ್ಪರ್ಧೆ ಎಂದರೆ ಯಾರಿಗೆ ಹಿಗ್ಗಿಲ್ಲ? ಮುದ್ದೆ, ಬಸ್ಸಾರು, ಒತ್ತು ಶ್ಯಾವಿಗೆ, ಪುಳಿಯೋಗರೆ ಸಾಲಾಗಿ ಬಂದು ಕೂರುತ್ತವೆ. ತೀರ್ಪುಗಾರರು ರುಚಿ ನೋಡಿ ಬಹುಮಾನ ಕೊಡುತ್ತಾರೆ. ಆದರೆ ಬಡಿಸಿದ್ದು ಯಾವುದರಲ್ಲಿ, ಉಂಡ ಮೇಲೆ ಅದು ಎಲ್ಲಿಗೆ ಹೋಯಿತು? ಈ ಪ್ರಶ್ನೆಯನ್ನು ಇಂದು ನಾವು ನೀವು ಕೂಡಿ ಕೇಳೋಣ.

ಅಡುಗೆಯ ವಿಷಯವನ್ನು ಬರೆದಿಡುವುದು ಕನ್ನಡಿಗರಿಗೆ ಹೊಸದಲ್ಲ. ೧೧ನೆಯ ಶತಮಾನದ ಚಾವುಂಡರಾಯನು ‘ಲೋಕೋಪಕಾರ’ದಲ್ಲಿ ಪಾಕಕ್ಕೂ ಎಡೆ ಕೊಟ್ಟನು. ೧೬ನೆಯ ಶತಮಾನದ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನೇ ರಚಿಸಿದನು. ಆದರೆ ಉಂಡ ಎಲೆಯ ಚರಿತ್ರೆ ತಿಳಿಯಲು ಗ್ರಂಥ ಬೇಕಿಲ್ಲ. ನಿಮ್ಮ ಮನೆಯ ಹಿರಿಯರನ್ನು ಕೇಳಿದರೆ ಸಾಕು.

ಕನ್ನಂಬಾಡಿ ಕಟ್ಟೆಯ ಕಾಲುವೆ ಹರಿಯುವ ಶ್ರೀರಂಗಪಟ್ಟಣ, ಪಾಂಡವಪುರಗಳ ಕಡೆ ಬಾಳೆಯೆಲೆಗೆ ಬರವಿರಲಿಲ್ಲ. ಮಳೆಯನ್ನೇ ನಂಬಿದ ನಾಗಮಂಗಲದಂಥ ಕಡೆ ಮುತ್ತುಗದೆಲೆ ಕೈಹಿಡಿಯಿತು. ಬಿಡುವಿನಲ್ಲಿ ಜಗಲಿಯ ಮೇಲೆ ಕುಳಿತು ಕಡ್ಡಿ ಚುಚ್ಚಿ ಎಲೆ ಹಚ್ಚುವುದು ಹೆಂಗಸರ, ಅಜ್ಜಂದಿರ ಕೆಲಸ. ಉಂಡೆದ್ದ ಮೇಲೆ ಬಾಳೆಯೆಲೆ ಹಸುವಿನ ಬಾಯಿಗೆ, ಮುತ್ತುಗದೆಲೆ ತಿಪ್ಪೆಗೆ. ತಿಪ್ಪೆಯಿಂದ ಗೊಬ್ಬರವಾಗಿ ಹೊಲಕ್ಕೆ. ಕಸವೆಂಬುದು ಉಳಿಯುತ್ತಿರಲಿಲ್ಲ.

ಈಗ ಥರ್ಮಾಕೋಲಿನ ಕಥೆ ಕೇಳಿ. ೧೮೩೯ರಲ್ಲಿ ಬರ್ಲಿನ್ನಿನ ಔಷಧ ವ್ಯಾಪಾರಿ ಎಡುವಾರ್ಟ್ ಸಿಮೋನ್ ಎಂಬಾತ, ಮರದ ಅಂಟಿನಿಂದ ಇಳಿಸಿದ ಎಣ್ಣೆ ತಾನಾಗಿ ಗಟ್ಟಿಯಾದುದನ್ನು ಕಂಡನು. ಅದೇ ಪಾಲಿಸ್ಟೈರೀನ್. ೧೯೪೯ರ ಸುಮಾರಿಗೆ ಜರ್ಮನಿಯ ಫ್ರಿಟ್ಸ್ ಸ್ಟಾಸ್ಟ್ನಿ ಅದನ್ನು ಪುರಿಯಂತೆ ಅರಳಿಸುವ ಬಗೆಯನ್ನು ಕಂಡುಹಿಡಿದನು. ಅರಳಿದ ವಸ್ತುವಿನಲ್ಲಿ ನೂರಕ್ಕೆ ೯೫ಕ್ಕೂ ಹೆಚ್ಚು ಪಾಲು ಬರಿಯ ಗಾಳಿ! ಇದೇ ಜಾತಿಯ ನೊರೆಹಾಳೆಯಿಂದ ತಟ್ಟೆ, ಡಬ್ಬಿಗಳೂ ಆದವು. ಹಗುರ, ಅಗ್ಗ, ಕೈ ಸುಡದು. ಆದರೆ ಕೊಳೆಯದು, ಚೂರುಚೂರಾಗಿ ಗಾಳಿಗೆ ಹಾರುತ್ತದೆ, ನೀರಿನಲ್ಲಿ ತೇಲುತ್ತದೆ. ಎಂಜಲು ಅಂಟಿದ ತಟ್ಟೆಯನ್ನು ಗುಜರಿಯವನೂ ಮುಟ್ಟನು. ಬಾಳೆಯೆಲೆ ಮೇಯುತ್ತಿದ್ದ ಹಸುವೇ ಅನ್ನದ ವಾಸನೆಗೆ ಬಂದು ಇದನ್ನು ನುಂಗುತ್ತದೆ.

ನಾಗಮಂಗಲದ ಕಡೆ ಹುಟ್ಟುವ ಲೋಕಪಾವನಿ ಪಾಂಡವಪುರದ ಸೀಮೆಯನ್ನು ಹಾದು ಶ್ರೀರಂಗಪಟ್ಟಣದ ಕರಿಘಟ್ಟದ ಬಳಿ ಕಾವೇರಿಯನ್ನು ಕೂಡುತ್ತದೆ. ಕೆ.ಆರ್. ಪೇಟೆಯ ಹೇಮಾವತಿ ಕನ್ನಂಬಾಡಿಯ ಹಿನ್ನೀರನ್ನು ಸೇರುತ್ತದೆ. ಹೀಗಿರಲು, ಮೇಲಿನೂರಿನವರು ಹಳ್ಳಕ್ಕೆಸೆದ ತಟ್ಟೆ ಕೆಳಗಿನೂರಿನವರ ಗದ್ದೆಗೆ ಬರುವುದು ಸೋಜಿಗವೆ?

ಸರ್ಕಾರ ಸುಮ್ಮನಿಲ್ಲ. ೨೦೧೬ರ ಮಾರ್ಚಿ ೧೧ರ ಆಜ್ಞೆಯಿಂದ ಕರ್ನಾಟಕವು ಪ್ಲಾಸ್ಟಿಕ್ಕಿನ ತಟ್ಟೆ ಲೋಟಗಳೊಡನೆ ಥರ್ಮಾಕೋಲಿನವನ್ನೂ ನಿಷೇಧಿಸಿತು. ೨೦೨೨ರ ಜುಲೈ ೧ರಿಂದ ಒಮ್ಮೆ ಬಳಸಿ ಬಿಸಾಡುವ ಇಂಥ ತಟ್ಟೆ, ಲೋಟ, ಚಮಚಗಳಿಗೆ ಭಾರತದಾದ್ಯಂತ ನಿಷೇಧ ಬಂದಿತು. ಆದರೆ ಆಜ್ಞೆ ಪಂಕ್ತಿಗೆ ಬಂದು ಬಡಿಸುವುದಿಲ್ಲ; ಬಡಿಸುವವರು ನಾವು.

ಎಲೆ ಹಚ್ಚುವ ಕೈಗಳು ಕಡಮೆಯಾದುವು, ಮುತ್ತುಗದ ಮರಗಳೂ ವಿರಳ ಎಂದು ನೀವು ಹೇಳಬಹುದು. ಮಾತು ನಿಜ. ಆದರೆ ಸ್ಪರ್ಧೆಯೆಂಬುದು ಊರೂಟವಲ್ಲ. ಬೇಕಾದುದು ಕೆಲವೇ ಎಲೆ. ರುಚಿ ನೋಡಲು ಚಿಕ್ಕ ದೊನ್ನೆ ಸಾಲದೆ? ನೀರಿನ ಅನುಕೂಲವಿದ್ದರೆ ಮನೆಯ ಸ್ಟೀಲ್ ತಟ್ಟೆ ಇನ್ನೂ ಲೇಸು. ಒಳಗೆ ಪ್ಲಾಸ್ಟಿಕ್ ಪೊರೆ ಅಂಟಿಸಿದ ಕಾಗದದ ತಟ್ಟೆಗೆ ಮಾತ್ರ ಮೋಸಹೋಗಬೇಡಿ. ಸ್ಪರ್ಧೆ ಏರ್ಪಡಿಸುವವರು ನೂರು ಅಂಕಗಳಲ್ಲಿ ಹತ್ತನ್ನು ಬಡಿಸುವ ಎಲೆಗೆ ಮೀಸಲಿಡಲಿ. ಅಂಕಕ್ಕಾಗಿ ತಂದ ಎಲೆ ಮನೆಯ ಸಮಾರಂಭಕ್ಕೂ ಬಂದೀತು. ಎಲೆ ಹಚ್ಚಬಲ್ಲ ಅಜ್ಜಿಗೆ ನಾಲ್ಕು ಕಾಸೂ ದೊರೆತೀತು.

ಮುಂದಿನ ಸ್ಪರ್ಧೆ ಮುಗಿದ ಸಂಜೆ ಅಡುಗೆ ಚಪ್ಪರದ ಹಿಂದಕ್ಕೆ ಒಮ್ಮೆ ಹೋಗಿ ನೋಡಿ. ಅಲ್ಲಿ ನಿಂತ ಹಸುವಿನ ಬಾಯಲ್ಲಿ ಏನಿದೆಯೋ ಅದೇ ನಿಮ್ಮ ಸ್ಪರ್ಧೆಯ ನಿಜವಾದ ತೀರ್ಪು.